ಹಿಮ್ಮೇಳದ ಹಿರಿಮೆ: ಹೆವಿ ಮೆಟಲ್ ಸಂಗೀತದಲ್ಲಿ ಬೇಸ್ ವಾದಕನ ಸ್ಥಾನ

ಕಲಾವಿದನೊಬ್ಬನ ಸಾಧನೆಯನ್ನು ಬೆಲೆಗಟ್ಟುವಾಗ ಅವನು ಎಷ್ಟು ಮುಂದೆ ಬಂದನೆಂಬುದನ್ನೇ ಅಳತೆಗೋಲಾಗಿ ಹಿಡಿಯುವ ರೂಢಿ ನಮ್ಮಲ್ಲಿ ಬೇರೂರಿದೆ. ಹಿಮ್ಮೇಳದವನು ಮುಮ್ಮೇಳಕ್ಕೆ ಬಂದರೆ ಏಳಿಗೆ. ಮುಮ್ಮೇಳದವನು ಹಿಂದೆ ಸರಿದರೆ ಇಳಿಗಾಲ. ಈ ಅಳತೆಗೋಲು ಎಲ್ಲೆಡೆಯೂ ಸಲ್ಲುವುದೆ? ಹೆವಿ ಮೆಟಲ್ ಸಂಗೀತದ ಬೇಸ್ ವಾದಕನನ್ನು, ವಿಶೇಷವಾಗಿ ಬೆಂಗಳೂರಿನ ‘ಕ್ರಿಪ್ಟೋಸ್’ ತಂಡದ ಗಣೇಶ್ ಕೃಷ್ಣಸ್ವಾಮಿಯವರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವಾದ್ಯದ ಮಾತು. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಸಾಧಾರಣ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಇವು ಒಂದು ಸ್ಥಾಯಿ ಕೆಳಗಿರುತ್ತವೆ. ಅತಿ ಮಂದ್ರವಾದ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ವಿದ್ಯಾರ್ಥಿ ಈ ಸಂಗೀತವನ್ನು ಹೆಚ್ಚಾಗಿ ಕೇಳುವುದು ಮೊಬೈಲಿನಲ್ಲಿ. ಅದರ ಪುಟ್ಟ ಸ್ಪೀಕರು ಅಷ್ಟು ಕೆಳಗಿನ ನಾದವನ್ನು ಹೊರಡಿಸಲಾರದು. ಆದುದರಿಂದ ‘ಬೇಸ್ ವಾದಕನು ಮಾಡುವುದಾದರೂ ಏನು?’ ಎಂಬ ಪ್ರಶ್ನೆ ಹುಟ್ಟಿದರೆ ಆಶ್ಚರ್ಯವಿಲ್ಲ. ಕೇಳದೆ ಇರುವುದರಿಂದ ಹುಟ್ಟಿದ ಈ ಪ್ರಶ್ನೆಯನ್ನು ವಿಮರ್ಶೆಯೆಂದು ಭ್ರಮಿಸಬಾರದು.

ಇನ್ನು ಕೆಲವರು ಈ ಪ್ರಕಾರವನ್ನೇ ಬರಿಯ ಗದ್ದಲವೆಂದು ತಳ್ಳಿಹಾಕುವರು. ಇದು ಹುಟ್ಟಿದ ಊರನ್ನು ನೆನೆದರೆ ಈ ಆಕ್ಷೇಪದ ತೀವ್ರತೆ ತಗ್ಗುವುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ನಗರ. ಅಲ್ಲಿಯ ‘ಬ್ಲ್ಯಾಕ್ ಸಬ್ಬತ್’ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಹರೆಯದಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡರು. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನು ಕೆಳಗಿಳಿಸಿದರು. 1971ರ ಧ್ವನಿಮುದ್ರಣದಲ್ಲಿ ಅದರ ಫಲ ಸ್ಪಷ್ಟವಾಗಿದೆ. ಬೇಸ್ ವಾದಕ ಗೀಜರ್ ಬಟ್ಲರ್ ಆ ಆಳಕ್ಕೆ ಇಳಿದು ನೆಲೆಯನ್ನೊದಗಿಸಿದರು. ಆ ತಂಡದ ಹಾಡುಗಳಲ್ಲಿ ಬಹುಪಾಲಿಗೆ ಮಾತುಗಳನ್ನು ಬರೆದವರೂ ಅವರೇ. ಹಗಲಿರುಳು ವಿದ್ಯುತ್ ಮಗ್ಗಗಳ ಸಪ್ಪಳವನ್ನು ಕೇಳಿ ಬೆಳೆದ ಬನಹಟ್ಟಿಯ ಮಕ್ಕಳಿಗೆ, ಯಂತ್ರದ ಸದ್ದಿನೊಳಗೂ ಒಂದು ಲಯವಿದೆಯೆಂಬುದನ್ನು ನಾವು ಹೊಸದಾಗಿ ಕಲಿಸಬೇಕಾಗಿಲ್ಲ.

ಬೇಸ್ ವಾದಕನ ಬೆಲೆ ತಿಳಿಯುವುದು ಅವನಿಲ್ಲದಾಗ. ‘ಮೆಟಾಲಿಕಾ’ ತಂಡದ ಕ್ಲಿಫ್ ಬರ್ಟನ್ 1983ರ ಮೊದಲ ಧ್ವನಿಮುದ್ರಣದಲ್ಲಿಯೇ ಬೇಸನ್ನು ಏಕವಾದ್ಯವಾಗಿ ನುಡಿಸಿ ಅದರ ಶಕ್ತಿಯನ್ನು ತೋರಿಸಿಕೊಟ್ಟರು. 1986ರ ಸೆಪ್ಟೆಂಬರ್ 27ರಂದು, ಸ್ವೀಡನ್ನಿನಲ್ಲಿ ತಂಡದ ಬಸ್ಸು ಉರುಳಿ ಅವರು ಮಡಿದಾಗ ವಯಸ್ಸು ಕೇವಲ 24. ಅವರ ಸ್ಥಾನಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. ಆದರೆ 1988ರ ಧ್ವನಿಮುದ್ರಣದಲ್ಲಿ ಬೇಸನ್ನು ಎಷ್ಟು ತಗ್ಗಿಸಲಾಯಿತೆಂದರೆ ಅದು ಬಹುಮಟ್ಟಿಗೆ ಕೇಳಿಸದಾಯಿತು. ರಚನೆಗಳು ಸಂಕೀರ್ಣ, ವಾದನ ಚುರುಕು. ಆದರೂ ನಾದ ಒಣಗಿದೆ, ಮೈತುಂಬಿಲ್ಲ. ಸೀರೆಯ ಅಂಚು ಸೆರಗುಗಳು ಎಷ್ಟೇ ಸೊಗಸಾಗಿದ್ದರೂ ಹಾಸು ಸಡಿಲವಾದರೆ ಬಟ್ಟೆ ನಿಲ್ಲದು.

ಈ ಹಿನ್ನೆಲೆಯಲ್ಲಿ ಗಣೇಶ್ ಕೃಷ್ಣಸ್ವಾಮಿಯವರ ಕಲಾಜೀವನವನ್ನು ನೋಡಬೇಕು. ‘ಕ್ರಿಪ್ಟೋಸ್’ 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು; ನೋಲನ್ ಲೂಯಿಸ್ ಮತ್ತು ಗಣೇಶ್ ಅದರ ಸ್ಥಾಪಕರು. ಆರಂಭದ ಘಟ್ಟದಲ್ಲಿ ಗಣೇಶ್ ತಂಡದ ಗಾಯಕರು, ಅಂದರೆ ಮುಮ್ಮೇಳದವರು. ತರುವಾಯ ಅವರು ತಂಡವನ್ನು ಬಿಟ್ಟರು. ಹಾಡುವ ಹೊಣೆಯನ್ನು ನೋಲನ್ ವಹಿಸಿಕೊಂಡರು. ಅನಂತರ ಗಣೇಶ್ ‘ಬೇವರ್ ಸೀ’ ಎಂಬ ತಂಡದಲ್ಲಿ ಹಾಡಿದರು. ವಾರಸುದಾರರಿಲ್ಲದವನೆಂಬ ಅರ್ಥದ ನಮ್ಮ ಬೈಗುಳವನ್ನೇ ಇಂಗ್ಲಿಷಿನ ವೇಷ ತೊಡಿಸಿ ಹೆಸರಾಗಿಸಿಕೊಂಡ ತಂಡವಿದು. ಇದರ ಮೊದಲ ಧ್ವನಿಮುದ್ರಣ ಬಂದುದು 2012ರಲ್ಲಿ. ವಿಳಂಬ ಗತಿ, ಭಾರವಾದ ನಾದ, ಬರ್ಮಿಂಗ್‌ಹ್ಯಾಮಿನ ನೇರ ವಂಶ.

ಗಣೇಶ್ ಮತ್ತೆ ‘ಕ್ರಿಪ್ಟೋಸ್’ಗೆ ಮರಳಿದುದು ಗಾಯಕರಾಗಿ ಅಲ್ಲ, ಬೇಸ್ ವಾದಕರಾಗಿ. ತಾವೇ ಕಟ್ಟಿದ ತಂಡದಲ್ಲಿ, ತಾವು ಒಮ್ಮೆ ನಿಂತಿದ್ದ ಜಾಗದಲ್ಲಿ ಗೆಳೆಯನು ನಿಂತು ಹಾಡುತ್ತಿರಲು, ಪಕ್ಕದಲ್ಲಿ ನಿಂತು ಆಧಾರಸ್ವರವನ್ನು ನುಡಿಸುವುದು ಸಣ್ಣ ಮಾತಲ್ಲ. 2019ರ ‘ಆಫ್ಟರ್‌ಬರ್ನರ್’, 2021ರ ‘ಫೋರ್ಸ್ ಆಫ್ ಡೇಂಜರ್’ ಈ ಘಟ್ಟದ ಕೃತಿಗಳು. ಇವುಗಳಲ್ಲಿ ಎರಡು ಗಿಟಾರುಗಳು ಜೋಡಿ ದನಿಯಲ್ಲಿ ಮೇಲೇರುತ್ತವೆ. ಬೇಸ್ ಕೆಳಗೆ ಕದಲದೆ ನಿಲ್ಲುತ್ತದೆ. ಅದು ಸ್ವತಂತ್ರವಾಗಿ ಮಾತಾಡುವ ಸಂದರ್ಭಗಳು ವಿರಳವೆಂಬುದು ನಿಜ. ‘ಐರನ್ ಮೇಡನ್’ ತಂಡದ ಸ್ಟೀವ್ ಹ್ಯಾರಿಸ್ ಬೇಸನ್ನೇ ಮುಂದೆ ನಡೆಸಿ ಇಡೀ ಹಾಡನ್ನು ಎಳೆದೊಯ್ಯುವರು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದನ್ನು ಸಾವಿರಾರು ಜನ ಕಂಡರು. ಆ ವೈಭವ ಗಣೇಶರಲ್ಲಿ ಇಲ್ಲ. ಆದರೆ ಅದನ್ನು ಕೊರತೆಯೆಂದು ಎಣಿಸುವುದು ಸರಿಯಾಗದು. ಹಾಡು ಬೇಡದುದನ್ನು ಸೇರಿಸದಿರುವುದೂ ಒಂದು ವಿವೇಕ.

ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತದ ಆಟ ಕಂಡವರಿಗೆ ಇದು ಅಪರಿಚಿತವಲ್ಲ. ಸತ್ಯಭಾಮೆ ಹಾಡಿ ನಿಲ್ಲಿಸಿದ ಕಡೆ ಮೇಳದವರು ನುಡಿಯನ್ನೆತ್ತಿ ತುಂಬದಿದ್ದರೆ ಪಾತ್ರ ಬರಿದಾಗುವುದು. ಅಲ್ಲಿ ಹಿಂದೆ ನಿಂತವನನ್ನು ಸೋತವನೆಂದು ಯಾರೂ ಎನ್ನುವುದಿಲ್ಲ. ಆ ನ್ಯಾಯವನ್ನೇ ಈ ಕಲಾವಿದನಿಗೂ ಸಲ್ಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಗಣೇಶರ ಜೀವನರೇಖೆ ಮೇಲಕ್ಕೇರುವ ಮೆಟ್ಟಿಲಲ್ಲ. ಕಾಲಕಾಲಕ್ಕೆ ಕೆಲಸ ಯಾವುದನ್ನು ಬೇಡಿತೋ ಆ ಸ್ಥಾನದಲ್ಲಿ ನಿಂತುದರ ಚರಿತ್ರೆ. ವಿದ್ಯಾರ್ಥಿಗಳು ಒಳ್ಳೆಯ ಶ್ರವಣಸಾಧನವೊಂದನ್ನು ಕಿವಿಗೆ ಹಚ್ಚಿ, ಹಾಡುಗಾರನನ್ನು ಒಂದು ಸಲ ಮರೆತು, ಕೆಳಗಿನ ದನಿಯೊಂದನ್ನೇ ಅನುಸರಿಸಿ ಕೇಳಲಿ. ಮಂದ್ರವನ್ನು ಕೇಳಲು ಕಲಿತ ಕಿವಿ ತಾರವನ್ನೂ ಸರಿಯಾಗಿ ಕೇಳುವುದು.