ಇಳಿಯಲು ನಾಲ್ಕು ದಾರಿ

ಮಂಜರಾಬಾದ್ ಕೋಟೆಯನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ಕಂಡದ್ದು ಆಕಾಶದಿಂದ. ಡ್ರೋನ್ ಹಾರಿಸಿ ತೆಗೆದ ಆ ಚಿತ್ರ ಯಾರ ಮೊಬೈಲಿಗಾದರೂ ಒಮ್ಮೆ ಬಂದೇ ಇರುತ್ತದೆ: ಹಸಿರು ಗುಡ್ಡದ ನೆತ್ತಿಯಲ್ಲಿ ಎಂಟು ಮೂಲೆಯ ನಕ್ಷತ್ರ, ನಟ್ಟನಡುವೆ ಲೆಕ್ಕದ ಪುಸ್ತಕದ ಕೂಡುವ ಗುರುತಿನಂಥ ಒಂದು ತಗ್ಗು. ನಕ್ಷತ್ರವನ್ನು ಎಲ್ಲರೂ ಹೊಗಳುತ್ತಾರೆ, ತಗ್ಗು ಏನೆಂದು ಕೇಳುವವರು ಕಡಿಮೆ. ಕೋಟೆಯಲ್ಲಿದ್ದವರ ನೀರು ಅಲ್ಲಿತ್ತು. ಈ ಬರಹ ಆ ತಗ್ಗಿನ ಬಗ್ಗೆ.

ನಾನು ಹೋದದ್ದು ಮೇಗುಂದದಿಂದ, ಚಿಕ್ಕಪ್ಪನ ಜೊತೆ. ಜಯಪುರದಲ್ಲಿ ಕಾಫಿ ಕುಡಿದು, ಬಾಳೆಹೊನ್ನೂರು, ಮೂಡಿಗೆರೆ ದಾಟಿ ಸಕಲೇಶಪುರ ಮುಟ್ಟಿದೆವು. ಅಲ್ಲಿಂದ ಮಂಗಳೂರು ಹೆದ್ದಾರಿಯಲ್ಲಿ ಐದಾರು ಕಿಲೋಮೀಟರ್ ಹೋದರೆ ದೋಣಿಗಲ್. ಆಮೇಲೆ ಇನ್ನೂರೈವತ್ತರಷ್ಟು ಮೆಟ್ಟಿಲು. ಚಿಕ್ಕಪ್ಪನಿಗೆ ಕೋಟೆ ಕೊತ್ತಲದ ಹುಚ್ಚಿಲ್ಲ, ನೀರಿನ ಹುಚ್ಚಿದೆ. ಗುಡ್ಡದ ಅಬ್ಬಿಯಿಂದ ಮನೆಗೆ ಪೈಪು ಎಳೆಯುವುದು, ಎಲೆ ಕಟ್ಟಿಕೊಂಡ ಪೈಪಿನ ಬಾಯಿ ಬಿಡಿಸುವುದು ಅವರ ನಿತ್ಯದ ಕೆಲಸ. ಅವರ ಅಪ್ಪನ ಕಾಲದಲ್ಲಿ ಅದೇ ನೀರು ಅಡಿಕೆ ಮರ ಸೀಳಿ ಮಾಡಿದ ದೋಣಿಯಲ್ಲಿ ಅಂಗಳಕ್ಕೆ ಬಂದು ಬೀಳುತ್ತಿತ್ತು. ನಮ್ಮ ಕಡೆಯವರಿಗೆ ನೀರೆಂದರೆ ತಾನಾಗಿ ಇಳಿದು ಬರುವಂಥದ್ದು. ನೀರಿಗಾಗಿ ಮನುಷ್ಯ ಇಳಿಯಬೇಕು ಎಂಬುದು ಬಯಲುಸೀಮೆಯ ಮಾತು.

ಹಾಗಾಗಿ ಕೊಳದ ಅಂಚಿಗೆ ಬಂದ ಚಿಕ್ಕಪ್ಪ ಮೊದಲು ಮಾಡಿದ್ದು ತಕರಾರು.

“ಎಂತ ಬಾವಿ ಮಾರಾಯ ಇದು! ಗುಡ್ಡದ ನೆತ್ತಿಲಿ ಒರತೆ ಎಲ್ಲಿಂದ ಬರ್ಬೇಕು? ಮಳೆ ಹಿಡಿದಿಟ್ಟ ಕೊಪ್ಪರಿಗೆ ಇದು.”

ತಕರಾರು ಸರಿಯಾದದ್ದೇ. ತೋರಿಸುವವರು ಇದನ್ನು ಬಾವಿ ಅನ್ನುತ್ತಾರೆ, ಬರೆಯುವವರು ಮೆಟ್ಟಿಲುಬಾವಿ ಅನ್ನುತ್ತಾರೆ. ಕನ್ನಡದಲ್ಲಿ ಮೆಟ್ಟಿಲಿರುವ ನೀರಿಗೆ ಹೆಸರುಗಳಿಗೇನೂ ಬರವಿಲ್ಲ. ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ ಅದು ಕಲ್ಯಾಣಿ, ಸುತ್ತ ಪುಟ್ಟ ಗುಡಿಗಳಿವೆ, ನೀರು ದೇವರದ್ದು. ವಿಜಯಪುರದಲ್ಲಿ ಅದು ಬಾವಡಿ. 1620ರ ತಾಜ್ ಬಾವಡಿಯ ಕಮಾನು, ಅದರ ಅಕ್ಕಪಕ್ಕದ ಗೋಪುರಗಳನ್ನು ನೋಡಿದರೆ ಊರಿಗೆ ನೀರು ಕೊಟ್ಟ ದೊರೆಯ ಹೆಮ್ಮೆ ಕಾಣುತ್ತದೆ. ಹಂಪಿಯ ರಾಜಾಂಗಣದಲ್ಲಿ ಅದು ಪುಷ್ಕರಣಿ, ಚಿತ್ರದುರ್ಗದಲ್ಲಿ ಹೊಂಡ. ಬಾವಿ ಎಂದರೆ ನೆಲದ ಒಳಗಿನ ನೀರು, ಹೊಂಡ ಎಂದರೆ ಮೇಲಿಂದ ಬಂದು ನಿಂತ ನೀರು. ಆ ಲೆಕ್ಕದಲ್ಲಿ ಮಂಜರಾಬಾದಿನದು ಹೊಂಡ. ಅದನ್ನು ಬಾವಿ ಎಂದು ಅಳೆದರೆ ಅನ್ಯಾಯವಾಗುತ್ತದೆ. ಮಳೆಯ ಉಗ್ರಾಣ ಎಂದು ಅಳೆದರೆ ಅದರ ಗುಣ, ದೋಷ ಎರಡೂ ಎದ್ದು ಬರುತ್ತವೆ.

ಮೊದಲು ಗುಣ. ಈ ಕೋಟೆ ಟಿಪ್ಪು ಸುಲ್ತಾನನದು. 1784ರಲ್ಲಿ ಮಂಗಳೂರಿನ ಒಪ್ಪಂದವಾದ ಮೇಲೆ ಶ್ರೀರಂಗಪಟ್ಟಣಕ್ಕೂ ಕರಾವಳಿಗೂ ನಡುವಿನ ಘಟ್ಟದ ದಾರಿಯನ್ನು ಕಾಯಲು ಕಟ್ಟಿಸಿದ್ದು, ಮುಗಿದದ್ದು 1792ರಲ್ಲಿ. ಸಮುದ್ರಮಟ್ಟದಿಂದ 3,200 ಅಡಿಗೂ ಎತ್ತರ. ನಕ್ಷತ್ರದ ಆಕಾರ ಯುರೋಪಿನ ಕೋಟೆಗಳಿಂದ ಬಂದದ್ದು. ಫ್ರಾನ್ಸಿನ ಇಂಜಿನಿಯರ್ ವೋಬಾನ್ ಹೆಸರು ಹೇಳದೆ ಈ ಕೋಟೆಯ ಮಾತು ಮುಗಿಯುವುದಿಲ್ಲ. ಗೋಡೆಯನ್ನು ಚೂಪುಚೂಪಾಗಿ ಮುಂದೆ ಚಾಚಿದರೆ ಒಂದು ಮೂಲೆಯಲ್ಲಿ ನಿಂತವನು ಪಕ್ಕದ ಮೂಲೆಯ ಬುಡವನ್ನು ಕಾಯಬಹುದು; ವೈರಿ ಬಂದು ಅವಿತುಕೊಳ್ಳಲು ಕುರುಡು ಜಾಗವೇ ಉಳಿಯುವುದಿಲ್ಲ. ಗೋಡೆಯ ತುಂಬ ಇರುವ ಬಂದೂಕಿನ ಕಿಂಡಿಗಳು ಆ ಲೆಕ್ಕಕ್ಕೆ ಸಾಕ್ಷಿ.

ಆದರೆ ಎಂಟು ಮೂಲೆಯಲ್ಲಿ ಎಂಟು ಗುಂಪು ಸಿಪಾಯಿಗಳು ನಿಂತರೆ ಎಂಟು ಕಡೆಯಿಂದ ಬಾಯಾರಿಕೆ ಹುಟ್ಟುತ್ತದೆ. ನೀರನ್ನು ಒಂದು ಮೂಲೆಯಲ್ಲಿಟ್ಟರೆ ಎದುರು ಮೂಲೆಯವನು ಅಂಗಳ ದಾಟಿ ಓಡಬೇಕು. ನಟ್ಟನಡುವೆ ಇಟ್ಟರೆ ಎಲ್ಲರಿಗೂ ಸಮದೂರ. ನಡುವೆ ಇಟ್ಟು ನಾಲ್ಕೂ ಕಡೆಯಿಂದ ಮೆಟ್ಟಿಲು ಕೊಟ್ಟರೆ ನಾಲ್ಕು ಸಾಲು ಒಟ್ಟಿಗೆ ಇಳಿಯಬಹುದು, ಒಬ್ಬರ ಕೊಡ ಇನ್ನೊಬ್ಬರಿಗೆ ತಾಗುವುದಿಲ್ಲ. ಕೊಳದ ಪಕ್ಕದಲ್ಲೇ ನೆಲದೊಳಗೆ ಎರಡು ಕೋಣೆಗಳಿವೆ, ಮದ್ದಿನ ಮನೆ ಎನ್ನುತ್ತಾರೆ. ಬೇಸಿಗೆಯ ಮಧ್ಯಾಹ್ನವೂ ಒಳಗೆ ತಂಪು. ಅಂದರೆ ಕೋಟೆಯ ಎರಡು ಜೀವದ ವಸ್ತು, ನೀರು ಮತ್ತು ಮದ್ದು, ಎರಡನ್ನೂ ಎಲ್ಲ ಗೋಡೆಗಳಿಂದ ಅತ್ಯಂತ ದೂರದ ಜಾಗದಲ್ಲಿ, ನೆಲಮಟ್ಟದ ಕೆಳಗೆ ಇಟ್ಟಿದ್ದಾರೆ. ಬಾಗಿಲ ಒಳಮಾಳಿಗೆಯಲ್ಲಿ ಕೋಟೆಯ ನಕ್ಷೆಯನ್ನೇ ಮೂಡಿಸಿದ್ದಾರೆ. ಕತ್ತೆತ್ತಿ ಅದನ್ನೊಮ್ಮೆ ನೋಡಿ ಆಮೇಲೆ ಕೊಳಕ್ಕೆ ಬಂದರೆ, ನಕ್ಷೆ ಬರೆದವನು ಕೈವಾರದ ಮೊನೆಯನ್ನು ಎಲ್ಲಿ ಊರಿದ್ದ ಎಂಬುದು ಹೊಳೆಯುತ್ತದೆ.

ಇಲ್ಲಿ ಒಂದು ಜನಜನಿತ ಮಾತನ್ನು ಒರೆಗೆ ಹಚ್ಚಬೇಕು. ಕೊಳ ಶಿಲುಬೆಯ ಆಕಾರದಲ್ಲಿದೆ, ಆದ್ದರಿಂದ ಅದು ಟಿಪ್ಪುವಿನ ಬಳಿ ಇದ್ದ ಫ್ರೆಂಚರ ಧರ್ಮದ ಗುರುತು ಎಂದು ಕೆಲವರು ಹೇಳುತ್ತಾರೆ. ಕೇಳಲು ಚೆನ್ನ. ಆದರೆ ಚೌಕದ ನೀರಿಗೆ ನಾಲ್ಕು ದಿಕ್ಕಿನಿಂದ ಮೆಟ್ಟಿಲು ಕಟ್ಟಲು ಹೊರಟ ಯಾವ ಗಾರೆಯವನಿಗಾದರೂ ಕೊನೆಗೆ ಸಿಗುವ ಆಕಾರ ಇದೇ. ತಿರುಚಿರಾಪಳ್ಳಿ ಹತ್ತಿರದ ತಿರುವೆಳ್ಳರೈಯಲ್ಲಿ ಪಲ್ಲವರ ಕಾಲದ ಒಂದು ಬಾವಿಯಿದೆ. ಅದಕ್ಕೂ ನಾಲ್ಕು ಕೈ, ನಾಲ್ಕು ಮೆಟ್ಟಿಲ ಸಾಲು. ಕೈಗಳು ತುದಿಯಲ್ಲಿ ತಿರುಗಿರುವುದರಿಂದ ಜನ ಅದನ್ನು ಸ್ವಸ್ತಿಕ ಬಾವಿ ಅನ್ನುತ್ತಾರೆ. ಮಂಜರಾಬಾದಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಅಲ್ಲಿ ಸ್ವಸ್ತಿಕ ಕಂಡವರು, ಇಲ್ಲಿ ಶಿಲುಬೆ ಕಂಡವರು, ಇಬ್ಬರೂ ಮೇಲಿಂದ ನೋಡಿದವರು. ಕೊಡ ಹಿಡಿದು ಇಳಿದವನಿಗೆ ಕಾಣುವುದು ಮೆಟ್ಟಿಲು ಮಾತ್ರ.

ಇನ್ನು ದೋಷ. ಇದನ್ನು ಹೇಳಲು ಚಿತ್ರದುರ್ಗಕ್ಕೆ ಹೋಗಬೇಕು. ದುರ್ಗದ ಪಾಳೆಯಗಾರರ ಕಾಲದ ನೀರಿನ ವ್ಯವಸ್ಥೆ ನಮ್ಮ ನಾಡಿನ ಕೋಟೆಗಳಲ್ಲೇ ಮೇಲ್ಪಂಕ್ತಿ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹೊರಳಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ಒಂದು ಹನಿಯನ್ನು ನಾಲ್ಕು ಕಡೆ ದುಡಿಸಿದ ಜಾಣತನ ಅದು. ಒಂದು ಹೊಂಡ ಕೆಟ್ಟರೆ ಇನ್ನೊಂದಿದೆ. ಒನಕೆ ಓಬವ್ವನ ಕತೆಯೂ ನೀರಿನಿಂದಲೇ ಶುರುವಾಗುವುದು: ಗಂಡ ಊಟಕ್ಕೆ ಕೂತಾಗ ನೀರು ತರಲು ಕೊಡ ಹಿಡಿದು ಹೋದವಳಿಗೆ ಕಿಂಡಿಯಲ್ಲಿ ಹೈದರಾಲಿಯ ಸಿಪಾಯಿಗಳು ನುಸುಳುವುದು ಕಂಡಿತು. ಕೋಟೆಯೊಳಗಿನ ಸಂಸಾರ ನೀರಿನ ಸುತ್ತ ಹೇಗೆ ಹೆಣೆದುಕೊಂಡಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಮಂಜರಾಬಾದಿನಲ್ಲಿ ಅಂಥ ಬಳಗವಿಲ್ಲ. ಇಡೀ ಕೋಟೆಯಲ್ಲಿ ಕಣ್ಣು ಸೆಳೆಯುವುದು ಒಂದೇ ಕೊಳ. ಬಾಯಿ ಪೂರಾ ಆಕಾಶಕ್ಕೆ ತೆರೆದಿದೆ. ಬಿಸಿಲು ಕುಡಿದಷ್ಟೂ ಕುಡಿಯಲಿ ಎಂಬಂತೆ. ನಾವು ಹೋದದ್ದು ಮಾರ್ಚಿನಲ್ಲಿ. ನೀರು ತಳಕ್ಕಿಳಿದು ಪಾಚಿಯ ಹಸಿರಾಗಿತ್ತು. ನಾಲ್ಕು ಮೆಟ್ಟಿಲ ಸಾಲಿನಿಂದ ಅನುಕೂಲ ಎಷ್ಟೋ, ಅಷ್ಟೇ ಕೊಳೆಯೂ ನಾಲ್ಕು ಕಡೆಯಿಂದ ಇಳಿಯುತ್ತದೆ. ಒಬ್ಬ ಹೊಲಸು ಕಾಲಿಟ್ಟರೂ ಎಲ್ಲರ ನೀರೂ ಹಾಳು. ವರ್ಷದ ಅರ್ಧ ಮಂಜು, ಮಳೆಯಲ್ಲಿ ಮುಳುಗುವ ಗುಡ್ಡ, ನೀರಿಗೇನು ಬರ ಎಂಬ ಧೈರ್ಯ ಕಟ್ಟಿದವರಿಗೆ ಇದ್ದಿರಬೇಕು. ಮಲೆನಾಡನ್ನು ಹೊರಗಿನಿಂದ ನೋಡಿದವರೆಲ್ಲ ಮಾಡುವ ತಪ್ಪು ಇದು. ಜುಲೈಯಲ್ಲಿ ಅಂಗಳದ ತುಂಬ ನೀರಿದ್ದ ಮನೆ ಏಪ್ರಿಲ್‌ನಲ್ಲಿ ಕೊಡ ಹಿಡಿದು ತಿರುಗುವುದನ್ನು ನೋಡಬೇಕಾದರೆ ಇಲ್ಲಿ ವರ್ಷಪೂರ್ತಿ ಇರಬೇಕು.

ಮಲೆನಾಡಿನವರೇ ಕಟ್ಟಿದ್ದು ಹೇಗಿರುತ್ತದೆ ಎಂದು ತಿಳಿಯಲು ಕೆಳದಿ ಅರಸರ ನಗರಕ್ಕೆ ಹೋಗಬಹುದು, ಅಂದಿನ ಬಿದನೂರಿಗೆ. ಕೋಟೆಯೊಳಗೆ ಅಕ್ಕ-ತಂಗಿ ಕೊಳಗಳಿವೆ. ಊರಿನಿಂದ ಸ್ವಲ್ಪ ದೂರದ ದೇವಗಂಗೆಯಲ್ಲಿ ಕಾಡಿನ ನಡುವೆ ಒಂದೊಂದು ಒಂದೊಂದು ಆಕಾರದ ಏಳು ಕೊಳ. ಗುಡ್ಡದಿಂದ ಸದಾ ಬರುವ ನೀರು ಕೊಳದಿಂದ ಕೊಳಕ್ಕೆ ಹರಿದು ಮುಂದೆ ಹೋಗುತ್ತದೆ. ಅಲ್ಲಿ ಕಲ್ಲಿನ ಕೆಲಸ ನೀರನ್ನು ಹಿಡಿದಿಡುವುದಿಲ್ಲ, ಒಂದು ಗಳಿಗೆ ಕೂರಿಸಿ ಕಳಿಸಿಕೊಡುತ್ತದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ, ಅದರ ಸಂಪತ್ತು ಅವನ ಕೈಸೇರಿತು. ಆ ನೀರಿನ ಪಾಠವನ್ನು ಮಾತ್ರ ಅಪ್ಪನೂ ಕಲಿಯಲಿಲ್ಲ, ಮಗನೂ ಕಲಿಯಲಿಲ್ಲ ಎಂದು ಮಂಜರಾಬಾದಿನ ಕೊಳದ ಮುಂದೆ ನಿಂತಾಗ ನನಗೆ ಅನ್ನಿಸಿತು. ಆಮೇಲೆ ಇನ್ನೊಂದು ಯೋಚನೆಯೂ ಬಂತು. ದೇವಗಂಗೆ ಅರಮನೆಯವರ ವಿಹಾರಕ್ಕೆ, ಶಾಂತಿಯ ಕಾಲಕ್ಕೆ. ಹರಿವ ನೀರನ್ನು ವೈರಿ ಮೇಲುಗಡೆಯಲ್ಲಿ ತಿರುಗಿಸಿಬಿಡಬಲ್ಲ. ಮುತ್ತಿಗೆಗೆ ಬೇಕಾದದ್ದು ಯಾರ ಹಂಗೂ ಇಲ್ಲದ, ಆಕಾಶದಿಂದ ನೇರ ಇಳಿದ ನೀರು. ಚಿಕ್ಕಪ್ಪನ ಕೊಪ್ಪರಿಗೆ ಎಂಬ ಮಾತು ಬೈಗುಳ ಆಗಬೇಕಿಲ್ಲ.

ಕೋಟೆ ಕಟ್ಟಿಸಿದ ಟಿಪ್ಪು ಅಂಥ ಮುತ್ತಿಗೆಯನ್ನು ಇಲ್ಲಿ ಕೂತು ಎದುರಿಸಲಿಲ್ಲ. ಕೋಟೆ ಮುಗಿದ 1792ರಲ್ಲೇ ಅವನು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು; 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಸತ್ತ. ಕೋಟೆ ಅವನಿಗೆ ದಕ್ಕಿದ್ದು ಏಳೇ ವರ್ಷ.

ಈಗ ಕೋಟೆ ನೋಡುವ ಪದ್ಧತಿಗೆ ಬರೋಣ, ಅದೂ ವಿಮರ್ಶೆಗೆ ಬರಬೇಕಾದದ್ದೇ. ನಾವು ಅಲ್ಲಿದ್ದ ಎರಡು ತಾಸಿನಲ್ಲಿ ಬಂದವರೆಲ್ಲ ಗೋಡೆಯ ಮೇಲೆ ಹತ್ತಿದರು, ಘಟ್ಟದ ಕಡೆ ಮುಖಮಾಡಿ ಫೋಟೋ ತೆಗೆಸಿಕೊಂಡರು. ಕೊಳದ ಹತ್ತಿರ ಬಂದವರು ಬಗ್ಗಿ ನೋಡಿ, ಛೀ ಎಷ್ಟು ಗಲೀಜು ಅಂದರು. ಒಬ್ಬ ಹುಡುಗ ಕೈಯಲ್ಲಿದ್ದ ಬಾಟಲಿಯನ್ನು ಎಸೆದು ಗಲೀಜಿಗೆ ತನ್ನ ಪಾಲನ್ನೂ ಸೇರಿಸಿದ. ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗವಿದೆ ಎಂಬ ಕತೆಗೆ ಮಾತ್ರ ಎಲ್ಲರೂ ಕಿವಿಗೊಟ್ಟರು. ನೂರು ಕಿಲೋಮೀಟರಿಗೂ ಮಿಕ್ಕಿದ ದೂರಕ್ಕೆ ಸುರಂಗ! ಕಣ್ಣಿಗೆ ಕಾಣದ ಸುರಂಗವನ್ನು ನಂಬುವ ನಾವು ಕಣ್ಣೆದುರಿನ ಕೊಳ ಕೇಳುವ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದಿಲ್ಲ. ಪ್ರಶ್ನೆ ಸರಳ: ಇಷ್ಟು ನೀರು ಎಷ್ಟು ಜನಕ್ಕೆ, ಎಷ್ಟು ದಿನ?

ಆ ಲೆಕ್ಕಕ್ಕೆ ಉಪಕರಣ ಅಲ್ಲೇ ಇದೆ. ಮೆಟ್ಟಿಲು. ಚಿಕ್ಕಪ್ಪ ಅಂಚಿನ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಎದುರು ಸಾಲನ್ನು ಬೆರಳಲ್ಲಿ ಎಣಿಸುತ್ತಿದ್ದರು. ಒಣಗಿದ ಕಲ್ಲುಗಳ ಮೇಲೆ ನೀರು ನಿಂತು ನಿಂತು ಇಳಿದ ಕಲೆ, ಒಂದರ ಕೆಳಗೊಂದು ಗೆರೆ. ಮೇಲಿನ ಗೆರೆ ಬಿಳುಚಿಕೊಂಡಿದೆ, ಕೆಳಗಿನದು ಇನ್ನೂ ಕಪ್ಪು. ಅದನ್ನು ಓದಲು ಬಂದರೆ ಮಳೆ ಯಾವಾಗ ಬಿಟ್ಟಿತು, ಬಿಸಿಲು ಎಷ್ಟು ತಿಂದಿತು ಎಲ್ಲ ಗೊತ್ತಾಗುತ್ತದೆ. ಕೋಟೆಯ ಉಗ್ರಾಣದವನು ದಿನಾ ಬೆಳಗ್ಗೆ ಮಾಡಿರಬಹುದಾದ ಕೆಲಸವನ್ನೇ ಮೇಗುಂದದ ಅಡಿಕೆ ತೋಟದವರು ಮಾಡುತ್ತಿದ್ದರು.

“ನಮ್ದೂ ಇದೇ ಅಲ್ವನಾ,” ಅಂದರು. “ನಮ್ಮದಕ್ಕೆ ಮೆಟ್ಲಿಲ್ಲ, ಅಷ್ಟೆ.”

ಅವರು ಹೇಳಿದ್ದು ಕೃಷಿ ಹೊಂಡದ ಬಗ್ಗೆ. ಅಬ್ಬಿಯ ನೀರು ಬೇಸಿಗೆಗೆ ಸಾಲದೆ ಹೋದ ಮೇಲೆ ನಮ್ಮ ಕಡೆಯೂ ತೋಟದ ಮೇಲ್ಭಾಗದಲ್ಲಿ ನೆಲ ಅಗೆದು, ಪ್ಲಾಸ್ಟಿಕ್ ಹಾಸಿ, ಮಳೆನೀರು ತುಂಬಿಸಿಡುವುದು ಶುರುವಾಗಿದೆ. ನೆತ್ತಿಯಲ್ಲಿ ನೀರು ನಿಲ್ಲಿಸಿ ಕೆಳಗೆ ಬಿಡುವುದು. ಕೊಪ್ಪರಿಗೆಯೇ. ಆದರೆ ಹೊಂಡದ ನಾಲ್ಕೂ ಬದಿ ಜಾರುವ ಕಪ್ಪು ಹಾಳೆ. ಕಾಲು ಜಾರಿ ಬಿದ್ದವನಿಗೆ ಈಜು ಬಂದರೂ ಹತ್ತಲು ಹಿಡಿತ ಸಿಗುವುದಿಲ್ಲ. ಮಕ್ಕಳು, ದನಕರು, ಕೆಲಸದವರು ಹಾಗೆ ಸತ್ತ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ನಮ್ಮ ಕಾಲದ ಹೊಂಡಕ್ಕೆ ಪಂಪು ಗೊತ್ತು, ಪೈಪು ಗೊತ್ತು, ಮನುಷ್ಯ ಗೊತ್ತಿಲ್ಲ.

ಮಂಜರಾಬಾದಿನ ಕೊಳದ ಬಗ್ಗೆ ಕೊನೆಗೆ ನನ್ನ ಮೆಚ್ಚುಗೆ ನಿಲ್ಲುವುದು ಇಲ್ಲಿ. ಅದರ ಸಮತೆಯ ಅಂದ ಡ್ರೋನಿಗೂ ಕಂಡಿದೆ. ಅದರ ಜಲಜ್ಞಾನ ದುರ್ಗದ ಮುಂದೆ ಸಪ್ಪೆ, ದೇವಗಂಗೆಯ ಮುಂದೆ ಒರಟು. ಆದರೆ ಯುದ್ಧಕ್ಕಾಗಿ ಕಟ್ಟಿದ, ಕೊಲ್ಲುವ ಕೋನಗಳನ್ನೇ ಲೆಕ್ಕಹಾಕಿ ಎಳೆದ ಒಂದು ನಕ್ಷೆಯ ನಡುವೆ, ಯಾರೋ ಒಬ್ಬ ಇಳಿದು ಬರುತ್ತಾನೆ, ತುಂಬಿದ ಕೊಡ ಹೊತ್ತು ಮತ್ತೆ ಹತ್ತಬೇಕು ಎಂದು ನೆನಪಿಟ್ಟುಕೊಂಡು ನಾಲ್ಕು ಸಾಲು ಕಲ್ಲು ಹಾಸಿದ್ದಾರೆ. ಮೆಟ್ಟಿಲು ಎಂದರೆ ಆ ನೆನಪು. ಆ ಕೋಟೆಯಲ್ಲಿ ನಮಗೆ ಇಂದಿಗೂ ಕೆಲಸಕ್ಕೆ ಬರುವ ಭಾಗ ಅದೊಂದೇ.

ಊರಿಗೆ ಬಂದ ವಾರಕ್ಕೆ ಚಿಕ್ಕಪ್ಪನ ಹೊಂಡದ ಹತ್ತಿರ ಹೋಗಿದ್ದೆ. ಹಳೇ ಸ್ಕೂಟರಿನ ಟೈರುಗಳನ್ನು ದಪ್ಪ ಹಗ್ಗಕ್ಕೆ ಒಂದರ ಕೆಳಗೊಂದು ಕಟ್ಟಿ, ಮೇಲೆ ಗೂಟಕ್ಕೆ ಬಿಗಿದು, ನೀರಿನವರೆಗೆ ಇಳಿಬಿಟ್ಟಿದ್ದರು. ಎರಡು ಬದಿಗೆ ಆಗಿದೆ. ಇನ್ನೆರಡು ಬದಿಗೆ ಟೈರು ಹುಡುಕುತ್ತಿದ್ದಾರೆ.