ನೀರು ಹಿಡಿಯುವ ಕೂದಲು

ದಾಡಿ ಬ್ರಶ್ ಹೊಸದಾಗಿ ಕೈಗೆ ಬಂದರೆ ಎಲ್ಲರೂ ಮೊದಲು ಮಾಡುವುದು ಒಂದೇ ಕೆಲಸ: ಒಣ ಕೂದಲನ್ನು ಕೆನ್ನೆಗೆ ಸವರಿ ಮೆತ್ತಗಿದೆಯೇ ಎಂದು ನೋಡುವುದು. ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನ ಬ್ರಶ್ ತರಿಸಿದ ದಿನ ನಾನೂ ಅದನ್ನೇ ಮಾಡಿದೆ. ಅದರಿಂದ ತಿಳಿಯುವುದು ಏನೂ ಇಲ್ಲ. ಗಡಿಗೆ ಕೊಳ್ಳುವವರು ಗೆಣ್ಣಿನಿಂದ ಬಾರಿಸಿ ಸದ್ದು ಕೇಳುತ್ತಾರೆ. ಹಾಗೆಯೇ ಬ್ರಶ್ಶನ್ನು ನೀರಿಗೆ ಅದ್ದಿಯೇ ನೋಡಬೇಕು. ಎಷ್ಟು ನೀರು ಹಿಡಿಯಿತು, ಹಿಡಿದದ್ದನ್ನು ಎಷ್ಟು ನಿಧಾನಕ್ಕೆ ಬಿಟ್ಟಿತು ಎನ್ನುವುದರಲ್ಲೇ ಅದರ ಗುಣವೆಲ್ಲ ಇದೆ.

ಅದಕ್ಕೂ ಮೊದಲು ಒಂದು ತೊಳೆತ ಆಗಲೇಬೇಕು. ಹೊಸ ಕೂದಲಿಗೆ ಪ್ರಾಣಿಯ ವಾಸನೆ ಇರುತ್ತದೆ. ಉಗುರುಬೆಚ್ಚಗಿನ ನೀರು, ಸ್ವಲ್ಪ ಶಾಂಪೂ ಹಾಕಿ ಎರಡು ಮೂರು ಸಲ ತೊಳೆದರೆ ಹೋಗುತ್ತದೆ. ನಾಲ್ಕೈದು ಕೂದಲು ಉದುರಿದರೆ ಗಾಬರಿ ಬೇಡ. ವಾರ ಕಳೆದರೂ ಉದುರುತ್ತಲೇ ಇದ್ದರೆ ಅಂಗಡಿಗೆ ಮರಳಿಸಿ. ಕುದಿಯುವ ನೀರು ಮಾತ್ರ ಬೇಡ, ಬುಡದ ಅಂಟು ಸಡಿಲವಾಗುತ್ತದೆ. ಶುದ್ಧಿ ಮಾಡದ ಕೂದಲಿಗೆ ಹೆದರಬೇಕಾದ ಕಾಲವೂ ಇತ್ತು: ಮೊದಲನೇ ಮಹಾಯುದ್ಧದ ಕಾಲದಲ್ಲಿ ಬ್ಯಾಡ್ಜರ್ ಕೂದಲು ಸಿಗದೆ, ಕುದುರೆ ಕೂದಲನ್ನೇ ಬ್ಯಾಡ್ಜರಿನಂತೆ ಕಾಣುವ ಹಾಗೆ ಮಾಡಿ ಬ್ರಶ್ ಕಟ್ಟಿದರು. ಸರಿಯಾಗಿ ಶುದ್ಧಿ ಮಾಡದ ಆ ಕೂದಲಿನಿಂದ ಸೈನಿಕರಿಗೂ ಜನರಿಗೂ ಆಂಥ್ರಾಕ್ಸ್ ರೋಗ ತಗುಲಿತು. ಇಂದಿನ ಬ್ರಶ್‌ಗಳಿಗೆ ಆ ಭಯವಿಲ್ಲ, ಆದರೂ ತೊಳೆಯದ ಬ್ರಶ್ಶನ್ನು ನಾನು ಮುಖಕ್ಕೆ ತಾಗಿಸುವುದಿಲ್ಲ.

ಡಬ್ಬಿಯ ಮೇಲೆ ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಎಂದೆಲ್ಲ ಬರೆದಿರುತ್ತದೆ. ಎಲ್ಲ ಕಂಪನಿಗಳಿಗೂ ಒಂದೇ ಅಳತೆಗೋಲು ಇಲ್ಲದ್ದರಿಂದ ಬರಹಕ್ಕಿಂತ ಕೂದಲಿನ ತುದಿ ನೋಡುವುದು ಮೇಲು. ಕತ್ತರಿಸಿ ಸಮ ಮಾಡಿದ ತುದಿ ಚುಚ್ಚುತ್ತದೆ. ಪ್ರಾಣಿಯ ಮೈಮೇಲೆ ಬೆಳೆದಂತೆಯೇ ಸಣ್ಣಗಾಗುತ್ತ ಹೋದ ತುದಿ ಚುಚ್ಚುವುದಿಲ್ಲ. ನನ್ನ ಬ್ರಶ್ಶಿನ ಕೂದಲ ಗಂಟಿನ ಅಡ್ಡಳತೆ 24 ಮಿಲಿಮೀಟರ್. ನಡುವೆ ಕಪ್ಪು ಪಟ್ಟೆ, ತುದಿ ಹಾಲುಬಿಳಿ. ನೀರಿನಿಂದ ಎತ್ತಿದಾಗ ಕೂದಲೆಲ್ಲ ಒಂದಕ್ಕೊಂದು ಅಂಟಿ ಹೂಮೊಗ್ಗಿನಂತಾಯಿತು. ಒಮ್ಮೆ ಜಾಡಿಸಿದೆ, ಅರಳಿತು. ಒಳಗೆ ಇನ್ನೂ ನೀರಿತ್ತು.

ಕಲಬುರಗಿಯಲ್ಲಿ ಬ್ರಶ್ ಬಳಸುವವರು ಇಲ್ಲಿಂದ ಮುಂದೆ ಸಾವಕಾಶವಾಗಿ ಓದಬೇಕು. ನಮ್ಮ ಜಿಲ್ಲೆ ಶಹಾಬಾದಿ ಕಲ್ಲಿನ ನಾಡು, ಸಿಮೆಂಟಿನ ನಾಡು. ನೆಲದಡಿ ಸುಣ್ಣದ ಕಲ್ಲು. ನಮ್ಮ ಮನೆಯ ಬೋರ್‌ವೆಲ್ ನೀರು ಕೊಡದ ಅಂಚಿಗೆ ಬಿಳಿ ಪೊರೆ ಕಟ್ಟುವಷ್ಟು ಗಡಸು. ಇಂಥ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಡನೆ ಸೇರಿ ಗಸಿಯಾಗುತ್ತವೆ, ನೊರೆ ಸರಿಯಾಗಿ ಏಳುವುದಿಲ್ಲ, ಎದ್ದರೂ ನಿಲ್ಲುವುದಿಲ್ಲ. ಮೊದಲ ವಾರ ನನಗೆ ಆದದ್ದು ಅದೇ. ಬಲಗೆನ್ನೆ ಮುಗಿಸಿ ಎಡಕ್ಕೆ ಬರುವಷ್ಟರಲ್ಲಿ ನೊರೆ ಸತ್ತು, ಬೂದು ಬಣ್ಣದ ತೆಳು ಪದರ ಉಳಿದಿತ್ತು. ಬ್ರಶ್ ಕೆಟ್ಟದ್ದೆಂದು ಬಗೆದೆ. ಅದರ ತಪ್ಪೇನೂ ಇರಲಿಲ್ಲ: ಅದು ಚೆನ್ನಾಗಿ ನೀರು ಹಿಡಿಯುತ್ತಿತ್ತು, ಹಿಡಿದ ನೀರೇ ಗಡಸಾಗಿತ್ತು. ಈಗ ಬ್ರಶ್ಶನ್ನು ಮುಕ್ಕಾಲು ಪಾಲು ಹಿಂಡಿ, ಸಾಬೂನಿನ ಮೇಲೆ ಮೊದಲಿಗಿಂತ ಎರಡರಷ್ಟು ಹೊತ್ತು ತಿರುಗಿಸಿ, ಆಮೇಲೆ ಹನಿಹನಿಯಾಗಿ ನೀರು ಸೇರಿಸುತ್ತೇನೆ. ಕುಡಿಯಲು ಶುದ್ಧ ಮಾಡಿದ ನೀರು ಒಂದು ಲೋಟ ಇದ್ದರೆ ಇನ್ನೂ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ, 40 ಡಿಗ್ರಿ ದಾಟಿದ ಸೆಕೆಯಲ್ಲಿ, ಇನ್ನೊಂದು ಮಾತು: ಫ್ಯಾನ್ ಬಂದ್ ಮಾಡಿ. ಗಾಳಿಗೆ ನೊರೆ ಮುಖದ ಮೇಲೆಯೇ ಒಣಗಿಬಿಡುತ್ತದೆ.

ನೀರಿನ ವಿಷಯದಲ್ಲಿ ನನ್ನ ಕಣ್ಣು ತೆರೆದದ್ದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಒಂದು ತಾಸಿನ ದಾರಿ. ಕೆಂಬಾಳೆಗೆ ಹೆಸರಾದ ಊರು, ನನ್ನ ಹೆಂಡತಿಯ ತವರು. ಮಳೆಗಾಲದ ಒಂದು ಮಂಗಳವಾರ, ತಗಡಿನ ಮಾಡಿನಿಂದ ಸುರಿದ ಮಳೆನೀರು ಡ್ರಮ್ಮಿನಲ್ಲಿ ತುಂಬಿತ್ತು. ಕಟಿಂಗ್ ಅಂಗಡಿಯ ಕಾಕಾ ಮಾವನವರ ಜೊತೆ ಮಾತಾಡಲು ಬಂದಿದ್ದರು. ಶರಣ ಹಡಪದ ಅಪ್ಪಣ್ಣನ ಹೆಸರು ಹೇಳುವ ಮನೆತನ ಅವರದು. ಹಡಪ ಅಂದರೆ ಎಲೆ-ಅಡಿಕೆಯ ಚೀಲವೂ ಹೌದು, ಕ್ಷೌರದ ಸಾಮಾನಿನ ಚೀಲವೂ ಹೌದು. ಮಂಗಳವಾರ ಆದ್ದರಿಂದ ಅವರು ಕತ್ತಿ ಹಿಡಿಯಲಿಲ್ಲ. ಬ್ರಶ್ಶನ್ನು ಮಾತ್ರ ಇಸಿದುಕೊಂಡು ಮಳೆನೀರಿಗೆ ಅದ್ದಿ, ಎಡ ಅಂಗೈ ಮೇಲೆ ಒತ್ತಿದರು. ಬೆರಳ ಸಂದಿಗೆ ನೀರು ಇಳಿಯುವುದನ್ನೇ ನೋಡುತ್ತ, “ಭಾಳ ನೀರು ಕುಡೀತದ್ರಿ ಇದು. ಹಂದಿ ಕೂದ್ಲದು ಗಡ್ಡ ಎಬ್ಬಸ್ತದ, ಇದು ಗಡ್ಡ ನೆನಸ್ತದ. ಒತ್ತಬ್ಯಾಡ್ರಿ ಅಳಿಯಂದ್ರ, ಇದರ ತುದೀಲೆ ಕೆಲಸ ಮಾಡ್ರಿ” ಎಂದರು. ಅಂಗೈಯಲ್ಲೇ ಸಾಬೂನು ಹಚ್ಚಿ ತಿರುಗಿಸಿದರು. ಮೊದಲು ದೊಡ್ಡ ಗುಳ್ಳೆ, ಆಮೇಲೆ ಸಣ್ಣವು, ಕೊನೆಗೆ ಗುಳ್ಳೆಯೇ ಕಾಣದ ಬುರುಗು. ಎಮ್ಮೆ ಹಾಲಿನ ಗಟ್ಟಿ ಮೊಸರಿನ ಹೊಳಪು ಅದಕ್ಕೆ. ಅಂಗೈ ಬೋರಲು ಮಾಡಿದರೂ ಬೀಳಲಿಲ್ಲ.

ಗುಳ್ಳೆ ಕಾಣುತ್ತಿರುವವರೆಗೆ ಕತ್ತಿಗೆ ಕೈ ಹಾಕಬೇಡಿ. ಮುಖದ ಮೇಲೆ ಮೊದಲು ಸುತ್ತುಸುತ್ತಾಗಿ, ಆಮೇಲೆ ಗೋಡೆಗೆ ಸುಣ್ಣ ಬಳಿಯುವ ಹಾಗೆ ಮೇಲೆ ಕೆಳಗೆ ಆಡಿಸಿ. ಕಿವಿಗೊಟ್ಟರೆ ಸದ್ದೂ ತಿಳಿಯುತ್ತದೆ: ಮೊದಲು ಗಡ್ಡದ ಗರಗರ, ನೆನೆದಂತೆ ಅದು ಕ್ಷೀಣಿಸಿ ಇಲ್ಲವಾಗುತ್ತದೆ. ಬ್ಲೇಡು ಎತ್ತಬೇಕಾದ ಹೊತ್ತು ಅದು. ಕೊನೆಗೆ ತಣ್ಣೀರು, ತುರಟಿ.

ಈ ಕೂದಲು ಎಲ್ಲಿಂದ ಬಂತು ಎಂಬುದನ್ನು ಮರೆಮಾಚಿ ರಸಿಕತೆಯ ಮಾತಾಡಲಾರೆ. ಬ್ಯಾಡ್ಜರ್ ಕೂದಲು ಹೆಚ್ಚಾಗಿ ಚೀನಾದಿಂದ ಬರುತ್ತದೆ, ಪ್ರಾಣಿಯನ್ನು ಕೊಂದ ಮೇಲೆಯೇ ಸಿಗುತ್ತದೆ. ನಮ್ಮ ಕಾಡಿನ ತರಕರಡಿ ಅದರ ಬಳಗದ್ದೇ; 1972ರ ವನ್ಯಜೀವಿ ಕಾಯ್ದೆ ಅದನ್ನು ಕಾಯುತ್ತದೆ. ಹಂದಿ ಕೂದಲು ಬೇಡ ಎನ್ನುವ ಮನೆಗಳು ನಮ್ಮ ಊರಲ್ಲಿ ಬಹಳ, ಬ್ಯಾಡ್ಜರೂ ಬೇಡ ಎನ್ನುವವರಿದ್ದಾರೆ. ಅವರಿಗೆ ಈಗಿನ ಕೃತಕ ಎಳೆಯ ಬ್ರಶ್ಶನ್ನೇ ಧೈರ್ಯವಾಗಿ ಹೇಳುತ್ತೇನೆ. ಅದು ಕಡಿಮೆ ನೀರು ಹಿಡಿಯುತ್ತದೆ, ಬೇಗ ಒಣಗುತ್ತದೆ, ನೊರೆಗೆ ಕೊರತೆಯಿಲ್ಲ. ನನ್ನ ಮುಂದಿನ ಬ್ರಶ್ ಅದೇ. ಈ ಬ್ಯಾಡ್ಜರ್ ಬ್ರಶ್ ಅಂತೂ ಬಂದಾಗಿದೆ, ಹತ್ತಾರು ವರ್ಷ ಬಾಳುವ ಹಾಗೆ ನೋಡಿಕೊಳ್ಳುವುದು ನನ್ನ ಹೊಣೆ. ದಾಡಿ ಮುಗಿದ ಮೇಲೆ ಬುಡದಲ್ಲಿ ಸಾಬೂನು ಉಳಿಯದಂತೆ ತೊಳೆದು, ಜಾಡಿಸಿ, ಪಂಚೆಯ ಅಂಚಿಗೆ ಒರೆಸಿ, ಕಿಟಕಿಯಲ್ಲಿ ಗಾಳಿಗೆ ಇಡುತ್ತೇನೆ. ಕಮಲಾಪುರದಿಂದ ಬರುವಾಗ ಬಾಳೆಗೊನೆಯ ಪಕ್ಕದಲ್ಲಿ ಐದು ಲೀಟರಿನ ಕ್ಯಾನಿನಲ್ಲಿ ಮಳೆನೀರೂ ಬರುತ್ತದೆ.