ಖಾಲಿ ಹುದ್ದೆಗೆ ಜಾಮೀನು ನಿಂತ ಮಾಸ್ತರು

ಶಿಕ್ಷಕರ ವರ್ಗಾವಣೆ ಎಂದರೆ ಶಾಸಕರ ಪತ್ರ, ಮಧ್ಯವರ್ತಿ, ಬೆಂಗಳೂರಿನ ಓಡಾಟ ಎಂಬ ಕಾಲವೊಂದಿತ್ತು. 2007ರ ವರ್ಗಾವಣೆ ಕಾಯ್ದೆ ಅದಕ್ಕೆ ಮೂಗುದಾರ ಹಾಕಿತು. ಕೌನ್ಸೆಲಿಂಗ್ ಬಂದು, ಖಾಲಿ ಜಾಗಗಳ ಪಟ್ಟಿ ಎಲ್ಲರ ಕಣ್ಣೆದುರಿಗೇ ತೆರೆದುಕೊಂಡಿತು. 2019ರ ಕಡ್ಡಾಯ ವರ್ಗಾವಣೆಯ ರಂಪಾಟದ ಬಳಿಕ 2020ರಲ್ಲಿ ಹೊಸ ಕಾಯ್ದೆಯೇ ಬಂತು. ಪದ್ಧತಿ ಪಾರದರ್ಶಕವಾಗಿದೆ ಎಂಬುದನ್ನು ಒಪ್ಪಲೇಬೇಕು. ನ್ಯಾಯವಾಗಿದೆಯೇ ಎಂದು ನೋಡಲು ಮಾತ್ರ ರಾಯಚೂರು ಜಿಲ್ಲೆಯ ಮಾನ್ವಿ–ಸಿಂಧನೂರು ರಸ್ತೆಯ ಪೋತ್ನಾಳದ ಕಡೆ ಬರಬೇಕು.

ಶನಿವಾರ ಬೆಳಗಿನ ಶಾಲೆ. ದೂರದ ಜಿಲ್ಲೆಯ ಶಿಕ್ಷಕರ ಬ್ಯಾಗು ಅಂದು ಸ್ಟಾಫ್ ರೂಮಿನ ಮೂಲೆಯಲ್ಲೇ ಇರುತ್ತದೆ. ಕೊನೆಯ ಬೆಲ್ ಹೊಡೆದದ್ದೇ ತಡ, ಸಿಂಧನೂರಿನ ಬಸ್ಸು. ಅಲ್ಲಿಂದ ಹಾಸನಕ್ಕೋ ತುಮಕೂರಿಗೋ ರಾತ್ರಿಯಿಡೀ ಪ್ರಯಾಣ. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಕೆಂಪಗಾದ ಕಣ್ಣಿನೊಂದಿಗೆ ಹಾಜರಿ. ಉಳಿದ ದಿನಗಳಲ್ಲಿ ಬಾಡಿಗೆ ಕೋಣೆ, ಒಂಟಿ ಅಡುಗೆ, ರಾತ್ರಿ ಮಕ್ಕಳೊಂದಿಗೆ ವಿಡಿಯೋ ಕಾಲ್. ಬಸ್ಸಿಳಿದು ಸೀದಾ ತರಗತಿಗೆ ಹೋಗುವವರ ದಣಿವು ಯಾವ ಕಡತದಲ್ಲೂ ಇಲ್ಲ.

ಊರಿಗೆ ಮರಳಲು ಕಾಯುತ್ತಿರುವ ಇವರ ವರ್ಗಾವಣೆಗೆ ಗಂಟು ಬಿದ್ದಿರುವುದು ಒಂದು ನಿಯಮದಲ್ಲಿ. ತಾಲ್ಲೂಕಿನಲ್ಲಿ ಶೇ 25ಕ್ಕಿಂತ ಹೆಚ್ಚು ಹುದ್ದೆ ಖಾಲಿ ಇದ್ದರೆ ಅಲ್ಲಿಂದ ಹೊರಗೆ ವರ್ಗಾವಣೆ ಇಲ್ಲ. ಉದ್ದೇಶ ಒಳ್ಳೆಯದೇ, ಬಾಗಿಲು ತೆರೆದಿಟ್ಟರೆ ರಾಯಚೂರು ಜಿಲ್ಲೆಯ ಎಷ್ಟೋ ಶಾಲೆಗಳು ಬರಿದಾದಾವು. ಆದರೆ ಹುದ್ದೆ ತುಂಬಬೇಕಾದದ್ದು ಸರ್ಕಾರ. ಅದು ತುಂಬದಿದ್ದರೆ ತಪ್ಪದೇ ಶಾಲೆಗೆ ಬಂದವರೇ ಆ ಖಾಲಿ ಹುದ್ದೆಗೆ ಜಾಮೀನು ನಿಲ್ಲಬೇಕಾಗುತ್ತದೆ. ಉಳಿಯುವ ದಾರಿ ಮ್ಯೂಚುವಲ್, ಅಂದರೆ ಇಬ್ಬರು ಶಿಕ್ಷಕರು ಪರಸ್ಪರ ಜಾಗ ಬದಲಿಸಿಕೊಳ್ಳುವುದು. ಅದಕ್ಕೆ ಹಾಸನ ಬಿಟ್ಟು ಮಾನ್ವಿಗೆ ಬರಲು ಒಪ್ಪುವವರು ಬೇಕು; ಅಂಥವರು ಸಿಗುವುದು ಅಪರೂಪ.

ಇದರ ಬಿಸಿ ಕೊನೆಗೆ ತಟ್ಟುವುದು ಮಕ್ಕಳಿಗೆ. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೇ ಕೂರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನದೇ ವೇಗದಲ್ಲಿ ಹತ್ತುತ್ತದೆ. ಯಾವ ಮಗು ಒತ್ತಕ್ಷರದ ಬಳಿ ನಿಂತಿದೆ, ಯಾವುದು ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ತಪ್ಪಿಸುತ್ತದೆ ಎಂಬುದು ಗುರುವಿಗೆ ಬಾಯಿಪಾಠವಾಗಿರಬೇಕು. ಕಾಯುತ್ತಿರುವ ಎಷ್ಟೋ ಶಿಕ್ಷಕರು ಮನಸ್ಸಿಟ್ಟೇ ಕಲಿಸುತ್ತಾರೆ, ನಿಜ. ಆದರೆ ಇಂದೋ ನಾಳೆಯೋ ಹೊರಡುವವರು ಊರಲ್ಲಿ ಮನೆ ಮಾಡುವುದಿಲ್ಲ, ಸ್ವಂತ ಮಕ್ಕಳನ್ನು ಅದೇ ಶಾಲೆಗೆ ಹಾಕುವುದಿಲ್ಲ. ಊರಿನವರೂ ಅವರನ್ನು ನೆಂಟರಂತೆಯೇ ನೋಡುತ್ತಾರೆ.

ವಿಚಿತ್ರವೆಂದರೆ, ಅದೇ ಶಾಲೆಯ ಪಕ್ಕದ ಕೋಣೆಯಲ್ಲಿ ಇದೇ ತಾಲ್ಲೂಕಿನ ಡಿ.ಇಡಿ ಮುಗಿಸಿದ ಹುಡುಗಿ ಅತಿಥಿ ಶಿಕ್ಷಕಿಯಾಗಿ ಗೌರವಧನಕ್ಕೆ ಪಾಠ ಮಾಡುತ್ತಿರಬಹುದು. ಆಕೆಗೆ ಊರು ಬೇಕು, ಹುದ್ದೆಯಿಲ್ಲ. ವರ್ಗಾವಣೆಗೆ ಕಾದಿರುವ ಶಿಕ್ಷಕನಿಗೆ ಹುದ್ದೆಯಿದೆ, ಊರು ಬೇಡ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೇ ಮೀಸಲು. ಹಕ್ಕು ಕಾಗದದ ಮೇಲಿದೆ. ನೇಮಕಾತಿ ವರ್ಷಗಟ್ಟಲೆ ತಡವಾದರೆ ಆ ಹಕ್ಕಿನಿಂದ ಹೊಟ್ಟೆ ತುಂಬದು.

ಹಾಗಾಗಿ ತಿದ್ದಬೇಕಾದದ್ದು ಕೌನ್ಸೆಲಿಂಗಿನ ತಂತ್ರಾಂಶವನ್ನಲ್ಲ, ಅದರ ಹಿಂದಿನ ಲೆಕ್ಕವನ್ನು. ಹಿಂದುಳಿದ ತಾಲ್ಲೂಕಿನ ಸೇವೆಗೆ ಅವಧಿ ನಿಗದಿಯಾಗಲಿ. ಅದು ಮುಗಿಯುವ ವರ್ಷಕ್ಕೆ ಮೊದಲೇ ಬದಲಿ ನೇಮಕಾತಿ ಶುರುವಾಗಲಿ. ಬಿಡುಗಡೆಯ ದಿನ ಗೊತ್ತಿದ್ದವರು ಅಲ್ಲಿಯವರೆಗೆ ಆ ಊರಿನವರಾಗಿ ಇರಬಲ್ಲರು. ಅದಾಗದೆ ಎಲ್ಲವನ್ನೂ ಆನ್‌ಲೈನ್ ಮಾಡಿದರೂ, ಸರ್ಕಾರದ ಬಾಕಿಯನ್ನು ನೌಕರನ ಖಾತೆಗೆ ಬರೆಯುವ ಪದ್ಧತಿಯಾಗಿಯೇ ಇದು ಉಳಿಯುತ್ತದೆ.